ಬಳುಕುವ ಪೈಪೇ, ಬಿಗಿ ಪೈಪೇ? ಓಡುವ ಮನೆಗೆ ನೀರಿನ ದಾರಿ

ಗಾಲಿಗಳ ಮೇಲೆ ಮನೆ ಕಟ್ಟುವ ಉದ್ಯಮವು ನಮ್ಮಲ್ಲಿ ಇನ್ನೂ ಎಳೆಯದು. ಅಮೆರಿಕ ಮತ್ತು ಯೂರೋಪುಗಳಲ್ಲಿ ಅದು ಹಲವು ದಶಕಗಳಿಂದ ಬೇರೂರಿದ ಕೈಗಾರಿಕೆ. ಅಮೆರಿಕದ ಕ್ಯಾರವಾನುಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತಲೇ ತಯಾರಾಗುತ್ತವೆ. ಅಡುಗೆಯ ಕಟ್ಟೆ, ಸ್ನಾನದ ಕೋಣೆ, ಶೌಚಾಲಯ, ಬಿಸಿನೀರಿನ ಬಾಯ್ಲರು ಇವೆಲ್ಲವನ್ನೂ ಹೊತ್ತುಕೊಂಡು ಹೆದ್ದಾರಿಯಲ್ಲಿ ಸಾಗುವ ಈ ವಾಹನಗಳನ್ನು ಕೊಳ್ಳಲು ಬಂದವರ ಕಣ್ಣು ಸಹಜವಾಗಿಯೇ ಒಳಗಿನ ಮರಗೆಲಸದ ಮೇಲೆ, ಆಸನಗಳ ಬಟ್ಟೆಯ ಮೇಲೆ, ದೀಪಗಳ ಮೇಲೆ ಹೋಗುತ್ತದೆ. ಆದರೆ ವಾಹನವು ಮಾರಾಟವಾದ ವರ್ಷದೊಳಗೆ ದೂರಿನೊಂದಿಗೆ ಕಾರ್ಯಾಗಾರಕ್ಕೆ ಮರಳುವುದೋ ಇಲ್ಲವೋ ಎಂಬುದನ್ನು ಅನೇಕ ವೇಳೆ ನಿರ್ಧರಿಸುವುದು ಹಲಗೆಯ ಹಿಂದೆ ಯಾರಿಗೂ ಕಾಣದಂತೆ ಓಡಿರುವ ಹೆಬ್ಬೆರಳು ದಪ್ಪದ ನೀರಿನ ಪೈಪು.

ಈ ಪೈಪು ಬಿಗಿಯಾಗಿರಬೇಕೋ, ಬಳುಕುವಂತಿರಬೇಕೋ ಎಂಬುದು ಮೇಲ್ನೋಟಕ್ಕೆ ಪ್ಲಂಬರುಗಳು ತಮ್ಮೊಳಗೇ ತೀರ್ಮಾನಿಸಿಕೊಳ್ಳಬೇಕಾದ ಸಣ್ಣ ಸಂಗತಿಯೆಂದು ತೋರಬಹುದು. ವಾಸ್ತವದಲ್ಲಿ ಇದು ವ್ಯಾಪಾರದ ಪ್ರಶ್ನೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಕ್ಯಾರವಾನುಗಳನ್ನು ಬಾಡಿಗೆಗೆ ಕೊಡುವ ಉದ್ಯಮಗಳು ಬೆಂಗಳೂರಿನಲ್ಲಿಯೂ ಕಾಣಿಸಿಕೊಂಡಿವೆ. ವ್ಯಾನು, ಮಿನಿಬಸ್ಸುಗಳನ್ನು ವಾಸಯೋಗ್ಯ ವಾಹನಗಳಾಗಿ ಪರಿವರ್ತಿಸುವ ಕೆಲಸಕ್ಕೆ ಬಾಡಿ ಕಟ್ಟುವ ಸಣ್ಣ ಘಟಕಗಳು ಕೈ ಹಾಕುತ್ತಿವೆ. ಪೈಪು ಮತ್ತು ಫಿಟ್ಟಿಂಗುಗಳ ವರ್ತಕರಿಗೂ ಇದು ಹೊಸ ಗಿರಾಕಿ ವರ್ಗ. ಪಶ್ಚಿಮದವರು ಅಪಾರ ಹಣ ತೆತ್ತು ಕಲಿತ ಪಾಠವನ್ನು ನಾವು ಬಿಟ್ಟಿಯಾಗಿ ಕಲಿಯುವ ಅವಕಾಶವಿರುವಾಗ, ಅದನ್ನು ಮತ್ತೊಮ್ಮೆ ಹಣ ಕೊಟ್ಟು ಕಲಿಯುವುದು ಜಾಣತನವಲ್ಲ.

ನಿಂತ ಮನೆ ಬೇರೆ, ಓಡುವ ಮನೆ ಬೇರೆ

ನಮ್ಮ ಕಟ್ಟಡಗಳಲ್ಲಿ ಇಂದು ಸಿಪಿವಿಸಿ ಪೈಪು ಮನೆಮಾತಾಗಿದೆ. ಗಟ್ಟಿಯಾದ ಈ ಪೈಪನ್ನು ಅಳತೆಗೆ ಕತ್ತರಿಸಿ, ಎಲ್ಬೊ, ಟೀಗಳಿಗೆ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಕೂಡಿಸಿದರೆ ಕೆಲಸ ಮುಗಿಯಿತು. ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಅದು ಸಿಗುತ್ತದೆ, ಅದನ್ನು ಕೂಡಿಸಬಲ್ಲ ಕೆಲಸಗಾರನೂ ಸಿಗುತ್ತಾನೆ. ಬಿಸಿನೀರನ್ನು ತಾಳಿಕೊಳ್ಳುವುದರಲ್ಲಿಯೂ ಅದು ಯಾವುದಕ್ಕೂ ಕಡಿಮೆಯಲ್ಲ. ನೇರವಾಗಿ ನಿಲ್ಲುತ್ತದೆ, ನಡುವೆ ಜೋತುಬೀಳುವುದಿಲ್ಲ, ನೋಟಕ್ಕೂ ಅಚ್ಚುಕಟ್ಟು. ಹೀಗಿರುವಾಗ ಅದನ್ನೇ ವಾಹನಕ್ಕೂ ಏಕೆ ಹಾಕಬಾರದು ಎಂದು ಘಟಕದ ಮಾಲೀಕರು ಕೇಳುವುದು ನ್ಯಾಯವಾಗಿಯೇ ಇದೆ.

ಉತ್ತರ ಸರಳ: ಮನೆಯ ಗೋಡೆ ಅಲುಗುವುದಿಲ್ಲ, ವಾಹನದ ಗೋಡೆ ಅಲುಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ವಾಹನದ ಮುಂಭಾಗ ಒಂದು ಕಡೆಗೂ ಹಿಂಭಾಗ ಮತ್ತೊಂದು ಕಡೆಗೂ ವಾಲಿದಾಗ ಚಾಸಿಯು ಸ್ವಲ್ಪವಾದರೂ ತಿರುಚಿಕೊಳ್ಳುತ್ತದೆ. ಅದಕ್ಕೆ ಬಿಗಿದ ಹಲಗೆ, ಕಪಾಟು, ತೊಟ್ಟಿ ಎಲ್ಲವೂ ತಂತಮ್ಮ ರೀತಿಯಲ್ಲಿ ಒಂದಿಷ್ಟು ಸರಿಯುತ್ತವೆ. ಇವುಗಳ ನಡುವೆ ಬಗ್ಗಲಾರದ ಪೈಪು ಇದ್ದರೆ ಈ ಸರಿತದ ಭಾರವೆಲ್ಲ ಅದರ ಕೀಲುಗಳ ಮೇಲೆ, ಅಂದರೆ ಎಲ್ಬೊ ಮತ್ತು ಟೀಗಳ ಅಂಚಿನ ಮೇಲೆ ಬೀಳುತ್ತದೆ. ಒಂದು ಸಲದ ಹೊಡೆತಕ್ಕೆ ಏನೂ ಆಗುವುದಿಲ್ಲ. ಸಾವಿರಾರು ಕಿಲೋಮೀಟರುಗಳ ಕಂಪನದ ಬಳಿಕ ಅಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಹಿಂದಿನ ಕಾಲದ ಅಮೆರಿಕನ್ ಕ್ಯಾರವಾನುಗಳ ತಾಮ್ರದ ಪೈಪುಗಳಲ್ಲಿ ಬೆಸುಗೆಯ ಜಾಗಗಳಿಗೆ ಇದೇ ಕಂಟಕವಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು 9 ಶೇಕಡಾ ಹಿಗ್ಗುವುದರಿಂದ ತಾಮ್ರ ಸೀಳುವುದು ಅಲ್ಲಿಯ ಇನ್ನೊಂದು ಸಂಕಟ. ನಮ್ಮ ವಾಹನಗಳು ಹಿಮಾಲಯದ ತಪ್ಪಲಿಗೆ ಹೋದಾಗ ಮಾತ್ರ ಈ ಎರಡನೆಯದನ್ನು ಯೋಚಿಸಬೇಕಾದೀತು.

ಸಿಪಿವಿಸಿಗೆ ಮತ್ತೊಂದು ಗುಪ್ತ ಶತ್ರುವಿದೆ. ಮೆತುವಾದ ಪಿವಿಸಿಗೆ ಆ ಮೆತುಗುಣವನ್ನು ಕೊಡಲು ಬೆರೆಸುವ ಎಣ್ಣೆಯಂಥ ಪದಾರ್ಥ, ಕೆಲವು ಬಗೆಯ ಫೋಮುಗಳು ಹಾಗೂ ತೈಲಗಳು ಸಿಪಿವಿಸಿಗೆ ಬಹುಕಾಲ ತಾಗಿಕೊಂಡಿದ್ದರೆ, ಒತ್ತಡವಿರುವ ಜಾಗದಲ್ಲಿ ಅದು ಬಿರುಕು ಬಿಡುವ ಸಂಭವವುಂಟು. ಮನೆಯಲ್ಲಿ ನೀರಿನ ಪೈಪು ಮತ್ತು ವಿದ್ಯುತ್ ತಂತಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಕ್ಕಟ್ಟಾದ ವಾಹನದಲ್ಲಿ ಅವೆರಡೂ ಒಂದೇ ಸಂದಿಯಲ್ಲಿ ಒತ್ತಿಕೊಂಡು ಸಾಗುತ್ತವೆ. ಮನೆಗೆ ಒಪ್ಪುವ ವಸ್ತು ವಾಹನಕ್ಕೂ ಒಪ್ಪುತ್ತದೆ ಎಂಬ ನಂಬಿಕೆಯನ್ನು ಇದೊಂದೇ ಕಾರಣಕ್ಕಾದರೂ ಮರುಪರಿಶೀಲಿಸಬೇಕು.

ಬಳುಕುವುದೆಲ್ಲ ಒಳ್ಳೆಯದಲ್ಲ

ಹಾಗೆಂದು ಎಲ್ಲವನ್ನೂ ಮೆತುವಾದ ಹೋಸಿನಲ್ಲಿಯೇ ಮಾಡಿ ಮುಗಿಸುವುದು ಮತ್ತೊಂದು ತುದಿಯ ತಪ್ಪು. ಯೂರೋಪಿನ ಹಗುರ ಕ್ಯಾರವಾನುಗಳಲ್ಲಿ ನೀರಿನ ಕ್ಯಾನಿನೊಳಗೆ ಮುಳುಗುವ ಪುಟ್ಟ ಪಂಪು ಇರಿಸಿ, ಕಡಿಮೆ ಒತ್ತಡದಲ್ಲಿ ಮೆದು ಹೋಸಿನ ಮೂಲಕ ನಲ್ಲಿಗೆ ನೀರು ಒಯ್ಯುವ ಪದ್ಧತಿ ಬಹುಕಾಲ ನಡೆದು ಬಂದಿದೆ. ಒತ್ತಡ ಅಲ್ಪವಾಗಿರುವ ತನಕ ಅದು ಸಾಲುತ್ತದೆ. ಬಿಸಿನೀರಿನ ಬಾಯ್ಲರು ಮತ್ತು ಬಲವಾದ ಪಂಪು ಬಂದೊಡನೆ ಲೆಕ್ಕ ಬದಲಾಗುತ್ತದೆ. ಕ್ಯಾರವಾನುಗಳಲ್ಲಿ ಬಳಸುವ 12 ವೋಲ್ಟಿನ ಡಯಾಫ್ರಂ ಪಂಪುಗಳು ಸಾಮಾನ್ಯವಾಗಿ ಚದರ ಅಂಗುಲಕ್ಕೆ 45ರಿಂದ 55 ಪೌಂಡುಗಳಷ್ಟು ಒತ್ತಡ ತಲುಪಿದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಆ ಒತ್ತಡವನ್ನು ನಲ್ಲಿ ಮುಚ್ಚಿರುವಷ್ಟು ಹೊತ್ತೂ ಪೈಪು ಮತ್ತು ಅದರ ಕೀಲುಗಳು ಹೊತ್ತು ನಿಂತಿರಬೇಕು.

ಮೆದು ಪಿವಿಸಿ ಹೋಸು ಶಾಖ ಏರಿದಂತೆ ಇನ್ನಷ್ಟು ಮೆದುವಾಗುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ವಾಹನದ ಒಳಗಿನ ಬಿಸಿ ಹೊರಗಿನದಕ್ಕಿಂತಲೂ ಹೆಚ್ಚಿರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಮೆದುವಾದ ಹೋಸಿನ ಮೇಲೆ ಬಿಗಿದ ಕ್ಲಿಪ್ಪಿನ ಹಿಡಿತ ದಿನಕಳೆದಂತೆ ಸಡಿಲುತ್ತದೆ, ಏಕೆಂದರೆ ಒತ್ತಡಕ್ಕೆ ಸಿಕ್ಕ ಪ್ಲಾಸ್ಟಿಕ್ಕು ನಿಧಾನವಾಗಿ ಅತ್ತಿತ್ತ ಸರಿದು ತೆಳ್ಳಗಾಗುತ್ತದೆ. ಚೂಪಾದ ತಿರುವಿನಲ್ಲಿ ಹೋಸು ಮಡಚಿಕೊಂಡರೆ ನೀರೇ ನಿಂತುಹೋಗುತ್ತದೆ. ಪಾರದರ್ಶಕ ಹೋಸಿಗೆ ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಕುಡಿಯುವ ನೀರಿಗೆಂದು ತಯಾರಾಗದ ತೋಟದ ಹೋಸನ್ನು ಹಾಕಿದರೆ ನೀರಿಗೆ ಪ್ಲಾಸ್ಟಿಕ್ಕಿನ ವಾಸನೆ ಹತ್ತುತ್ತದೆ. ಇದು ಬರಿಯ ರುಚಿಯ ಮಾತಲ್ಲ, ಆರೋಗ್ಯದ ಮಾತೂ ಹೌದು. ಬಾಡಿಗೆಗೆ ಕ್ಯಾರವಾನು ಪಡೆದ ಕುಟುಂಬ ಅದೇ ನೀರಿನಲ್ಲಿ ಮಗುವಿಗೆ ಹಾಲು ಬೆರೆಸುತ್ತದೆ ಎಂಬುದನ್ನು ತಯಾರಕರು ಮರೆಯಬಾರದು.

950 ಮಿಲಿಯನ್ ಡಾಲರಿನ ಪಾಠ

ಬಿಗಿ ಮತ್ತು ಬಳುಕು ಇವೆರಡರ ನಡುವೆ ಅಮೆರಿಕದ ಉದ್ಯಮ ಕಂಡುಕೊಂಡ ಮೊದಲ ಮಧ್ಯಮಾರ್ಗ ಪಾಲಿಬ್ಯೂಟಿಲೀನ್ ಎಂಬ ಬೂದು ಬಣ್ಣದ ಪೈಪು. 1978ರ ಸುಮಾರಿನಿಂದ 1995ರವರೆಗೆ ಅದು ಅಲ್ಲಿಯ ಮನೆಗಳಿಗೂ ಕ್ಯಾರವಾನುಗಳಿಗೂ ಹೇರಳವಾಗಿ ಹೋಯಿತು. ತಾಮ್ರಕ್ಕಿಂತ ಅಗ್ಗ, ಹಗುರ, ಸುರುಳಿಯಾಗಿ ಬರುತ್ತದೆ, ಬೆಸುಗೆಯ ಬೆಂಕಿ ಬೇಡ, ಬಗ್ಗಿಸಿ ಓಡಿಸಬಹುದು. ತಯಾರಕರಿಗೆ ಇನ್ನೇನು ಬೇಕು? ವರ್ಷಗಳು ಉರುಳಿದ ಮೇಲೆ ದೂರುಗಳು ಬರತೊಡಗಿದವು. ನಗರದ ನೀರಿನಲ್ಲಿ ಬೆರೆತ ಕ್ಲೋರಿನ್ ಆ ಪೈಪನ್ನೂ, ಅದಕ್ಕೆ ಜೋಡಿಸಿದ ಅಸಿಟಾಲ್ ಪ್ಲಾಸ್ಟಿಕ್ಕಿನ ಫಿಟ್ಟಿಂಗುಗಳನ್ನೂ ಒಳಗಿನಿಂದ ಪೆಡಸಾಗಿಸಿ ಸೀಳಿಸುತ್ತಿತ್ತು. ಹೊರಗಿನಿಂದ ನೋಡಿದರೆ ಪೈಪು ಹೊಸದರಂತೆಯೇ ಕಾಣುತ್ತಿತ್ತು. ಕೊನೆಗೆ ಮನೆಮಾಲೀಕರ ಸಾಮೂಹಿಕ ದಾವೆಯಲ್ಲಿ 1995ರಲ್ಲಿ ಒಪ್ಪಂದವಾಗಿ, ಕಚ್ಚಾವಸ್ತು ಪೂರೈಸಿದ ಶೆಲ್ ಮತ್ತಿತರ ದೊಡ್ಡ ಕಂಪನಿಗಳು 950 ಮಿಲಿಯನ್ ಡಾಲರುಗಳ, ಅಂದರೆ 95 ಕೋಟಿ ಡಾಲರುಗಳ ಪರಿಹಾರ ನಿಧಿಗೆ ಒಪ್ಪಬೇಕಾಯಿತು.

ಈ ಪ್ರಕರಣದಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ಪೈಪಿನ ಹಣೆಬರಹವನ್ನು ಬರೆಯುವುದು ಬಹುತೇಕ ಅದರ ಕೀಲು. ಪಾಲಿಬ್ಯೂಟಿಲೀನ್ ಪೈಪಿನಷ್ಟೇ, ಕೆಲವೆಡೆ ಅದಕ್ಕಿಂತಲೂ ಹೆಚ್ಚಾಗಿ, ಅದರ ಅಗ್ಗದ ಫಿಟ್ಟಿಂಗುಗಳು ಕೈಕೊಟ್ಟವು. ಎರಡನೆಯದು, ಶೆಲ್‌ನಂಥ ಕಂಪನಿ ಪರಿಹಾರ ಕೊಟ್ಟೂ ಬದುಕಿ ಉಳಿಯುತ್ತದೆ. ಹತ್ತು ಜನ ಕೆಲಸಗಾರರನ್ನು ಇಟ್ಟುಕೊಂಡ ಘಟಕಕ್ಕೆ ಐದಾರು ವಾಹನಗಳ ದುರಸ್ತಿಯ ಹೊರೆ ಬಿದ್ದರೂ ಆ ವರ್ಷದ ಲಾಭವೆಲ್ಲ ನೀರಿನೊಂದಿಗೇ ಹರಿದುಹೋಗುತ್ತದೆ.

ಉದ್ಯಮ ನೆಲೆನಿಂತ ಜಾಗ

ಪಾಲಿಬ್ಯೂಟಿಲೀನ್ ಬಿಟ್ಟ ಜಾಗವನ್ನು ಅಮೆರಿಕದ ಕ್ಯಾರವಾನುಗಳಲ್ಲಿ ತುಂಬಿದ್ದು ಪೆಕ್ಸ್, ಅಂದರೆ ಅಡ್ಡಕೊಂಡಿಗಳಿಂದ ಬಲಪಡಿಸಿದ ಪಾಲಿಥೀನ್ ಪೈಪು. ಪಾಲಿಥೀನಿನ ಉದ್ದನೆಯ ಅಣುಸರಪಳಿಗಳನ್ನು ಒಂದಕ್ಕೊಂದು ಅಡ್ಡಡ್ಡವಾಗಿ ಹೆಣೆದರೆ ಅದು ಶಾಖಕ್ಕೆ ಕರಗದೆ ಆಕಾರ ಉಳಿಸಿಕೊಳ್ಳುತ್ತದೆ. ಪೆರಾಕ್ಸೈಡ್ ಬಳಸಿ ಹೀಗೆ ಪೈಪು ಮಾಡುವ ವಿಧಾನವನ್ನು 1960ರ ದಶಕದ ಕೊನೆಯಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ರೂಪಿಸಿದರು. ಈ ಪೈಪು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಅಂಗುಲಕ್ಕೆ 160 ಪೌಂಡು, 82 ಡಿಗ್ರಿಯಲ್ಲಿ 100 ಪೌಂಡು ಒತ್ತಡಕ್ಕೆ ಮಾನ್ಯತೆ ಪಡೆದಿದೆ. ಪಂಪಿನ 55 ಪೌಂಡಿಗೆ ಹೋಲಿಸಿದರೆ ಇದು ಸಾಕಷ್ಟು ಮೀಸಲು ಬಲ. ಬ್ರಿಟನ್ನಿನ ಕ್ಯಾರವಾನು ತಯಾರಕರು ಬೇರೆ ದಾರಿಯಿಂದ ಸಾಗಿ ಇಂಥದ್ದೇ ಜಾಗಕ್ಕೆ ಬಂದು ತಲುಪಿದರು: 12 ಮಿಲಿಮೀಟರಿನ ಅರೆಬಿಗಿ ಪೈಪು, ಕೈಯಿಂದ ಒತ್ತಿದರೆ ಕಚ್ಚಿಕೊಳ್ಳುವ ಫಿಟ್ಟಿಂಗುಗಳು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉದ್ಯಮವು ಕೊನೆಗೆ ಆರಿಸಿಕೊಂಡದ್ದು ಪೂರ್ಣ ಬಿಗಿಯನ್ನೂ ಅಲ್ಲ, ಪೂರ್ಣ ಬಳುಕನ್ನೂ ಅಲ್ಲ, ಅರೆಬಿಗಿಯನ್ನು. ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುವಷ್ಟು ಗಟ್ಟಿ, ಚಾಸಿಯ ತಿರುಚುವಿಕೆಯನ್ನು ಮೈಯಲ್ಲೇ ನುಂಗಿಕೊಳ್ಳುವಷ್ಟು ಮೆದು. ಈ ಗುಣದಿಂದ ದೊರೆಯುವ ಅತಿ ದೊಡ್ಡ ಲಾಭವೆಂದರೆ ಕೀಲುಗಳ ಸಂಖ್ಯೆ ಕಡಿಮೆಯಾಗುವುದು. ಬಿಗಿ ಪೈಪಿಗೆ ಪ್ರತಿ ತಿರುವಿನಲ್ಲಿಯೂ ಒಂದು ಎಲ್ಬೊ, ಅಂದರೆ ಎರಡು ಕೀಲು ಬೇಕು. ಪೆಕ್ಸನ್ನು ತಿರುವಿನಲ್ಲಿ ಬಗ್ಗಿಸಿಯೇ ಒಯ್ಯಬಹುದು. ಬಾಗಿನ ತ್ರಿಜ್ಯವು ಪೈಪಿನ ಹೊರವ್ಯಾಸದ 8 ಪಟ್ಟಿಗಿಂತ ಕಡಿಮೆಯಾಗಬಾರದು, ಅರ್ಧ ಅಂಗುಲದ ಪೈಪಿಗೆ ಇದು ಸುಮಾರು 5 ಅಂಗುಲವಾಗುತ್ತದೆ. ಪಂಪಿನ ಬಳಿ ಒಂದು ಮ್ಯಾನಿಫೋಲ್ಡ್ ಇರಿಸಿ, ಅಲ್ಲಿಂದ ಪ್ರತಿ ನಲ್ಲಿಗೂ ನಡುವೆ ಕೀಲಿಲ್ಲದ ಒಂದೊಂದು ಪೈಪನ್ನೇ ಎಳೆದರೆ ಸೋರುವ ಜಾಗಗಳೆಲ್ಲ ಕಣ್ಣಿಗೆ ಬೀಳುವ ಎರಡು ತುದಿಗಳಲ್ಲಿಯೇ ಉಳಿಯುತ್ತವೆ. ಹಲಗೆಯ ಹಿಂದೆ ಸೋರಲು ಏನೂ ಇರುವುದಿಲ್ಲ.

ಪೆಕ್ಸಿಗೂ ದೋಷಗಳಿವೆ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಅದು ಕೆಡುತ್ತದೆ. ಆದ್ದರಿಂದ ವಾಹನದ ಹೊರಮೈಯಲ್ಲಾಗಲಿ, ಗೋದಾಮಿನ ಅಂಗಳದಲ್ಲಾಗಲಿ ಅದನ್ನು ಬಿಸಿಲಿಗೆ ಬಿಡಬಾರದು. ಶಾಖಕ್ಕೆ ಅದು ಬಹಳ ಹಿಗ್ಗುತ್ತದೆ: ಉಷ್ಣತೆ 50 ಡಿಗ್ರಿ ಏರಿದರೆ ಒಂದು ಮೀಟರು ತಾಮ್ರ ಒಂದು ಮಿಲಿಮೀಟರಿನೊಳಗೆ, ಸಿಪಿವಿಸಿ ಸುಮಾರು 3 ಮಿಲಿಮೀಟರು, ಪೆಕ್ಸ್ 8 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಬಗ್ಗುವ ಗುಣವಿರುವುದರಿಂದ ಈ ಹೆಚ್ಚುವರಿ ಉದ್ದ ಕೀಲಿಗೆ ಭಾರವಾಗುವುದಿಲ್ಲ, ಆದರೆ ಪೈಪನ್ನು ತಂತಿಯಂತೆ ಎಳೆದು ಕಟ್ಟದೆ ಒಂದಿಷ್ಟು ಸಡಿಲ ಬಿಡಬೇಕು. ಲೋಹದ ತಗಡಿನ ರಂಧ್ರದ ಮೂಲಕ ಹಾದುಹೋಗುವಲ್ಲಿ ರಬ್ಬರಿನ ಗ್ರಾಮೆಟ್ ಹಾಕದಿದ್ದರೆ ತಗಡಿನ ಅಂಚು ಗರಗಸದಂತೆ ಪೈಪನ್ನು ಉಜ್ಜಿ ತೂತು ಮಾಡುತ್ತದೆ.

ಮೆದು ಹೋಸಿಗೂ ತನ್ನದೇ ಸ್ಥಾನವುಂಟು

ಅರೆಬಿಗಿ ಪೈಪು ಮುಖ್ಯ ಮಾರ್ಗವಾದರೆ ಮೆದು ಹೋಸಿಗೆ ಕೆಲಸವಿಲ್ಲವೆಂದಲ್ಲ. ಡಯಾಫ್ರಂ ಪಂಪು ನಡೆಯುವಾಗ ನಡುಗುತ್ತದೆ ಮತ್ತು ನೀರನ್ನು ತುಡಿತ ತುಡಿತವಾಗಿ ತಳ್ಳುತ್ತದೆ. ಅದಕ್ಕೆ ಗಟ್ಟಿ ಪೈಪನ್ನು ನೇರವಾಗಿ ಕೂಡಿಸಿದರೆ ಆ ನಡುಕ ಇಡೀ ವಾಹನಕ್ಕೆ ಹರಡಿ ರಾತ್ರಿ ಮಲಗಿದವರ ನಿದ್ದೆ ಕೆಡಿಸುತ್ತದೆ, ಪಂಪಿನ ಪ್ಲಾಸ್ಟಿಕ್ ಮೂತಿಯೂ ಕಾಲಕ್ರಮದಲ್ಲಿ ಸೀಳುತ್ತದೆ. ಪಂಪಿನ ಎರಡೂ ಕಡೆ ಒಂದೂವರೆ ಅಡಿಯಷ್ಟು ನೂಲುಹೆಣಿಗೆಯ ಒತ್ತಡದ ಹೋಸು ಹಾಕಿದರೆ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ತೊಟ್ಟಿಯಿಂದ ಪಂಪಿಗೆ ಬರುವ ಹೋಸು ಎಳೆತಕ್ಕೆ ಕುಸಿದು ಅಂಟಿಕೊಳ್ಳದಷ್ಟು ದೃಢವಾಗಿರಬೇಕು. ಅಮೆರಿಕದ ದೊಡ್ಡ ವಾಹನಗಳಲ್ಲಿ ನಿಲ್ಲಿಸಿದ ಮೇಲೆ ಪಕ್ಕಕ್ಕೆ ಚಾಚುವ ಕೋಣೆಗಳಿರುತ್ತವೆ. ಅಂಥ ಕಡೆ ಒಳಹೊರಗೆ ಸರಿಯುವ ಸಿಂಕಿಗೆ ನೀರು ಒಯ್ಯಲು ಸುರುಳಿಬಿಟ್ಟ ಮೆದು ಹೋಸಲ್ಲದೆ ಬೇರೆ ಉಪಾಯವಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು: ಚಲನೆ ಎಲ್ಲಿದೆಯೋ ಅಲ್ಲಿ ಬಳುಕು, ಅದೂ ಗಿಡ್ಡದಾಗಿ ಮತ್ತು ಕೈಗೆ ಸಿಗುವಂತೆ, ಉಳಿದೆಡೆ ಅರೆಬಿಗಿ ಪೈಪು, ಕೀಲುಗಳು ಎಷ್ಟು ಕಡಿಮೆಯೋ ಅಷ್ಟು ಒಳಿತು, ಪೂರ್ಣ ಬಿಗಿ ಪೈಪನ್ನು ಕಟ್ಟಡಗಳಿಗೇ ಬಿಡುವುದು ಕ್ಷೇಮ.

ಆಕ್ಷೇಪಣೆಗಳನ್ನು ಕುರಿತು

ಇದಕ್ಕೆ ಪ್ರತಿಯಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು ವೆಚ್ಚದ ಮಾತು. ಪೆಕ್ಸ್ ಫಿಟ್ಟಿಂಗುಗಳು, ಅವುಗಳ ಉಂಗುರವನ್ನು ಒತ್ತುವ ಕ್ರಿಂಪಿಂಗ್ ಉಪಕರಣ, ಒತ್ತಿದ್ದು ಸರಿಯಾಗಿದೆಯೇ ಎಂದು ನೋಡುವ ಗೇಜು ಇವೆಲ್ಲ ಸಿಪಿವಿಸಿಯ ಸಿಮೆಂಟ್ ಡಬ್ಬಿಗಿಂತ ದುಬಾರಿಯೇ ಸರಿ. ಆದರೆ ಒಂದು ಕ್ಯಾರವಾನಿನ ಒಟ್ಟು ಬೆಲೆಯಲ್ಲಿ ನೀರಿನ ಪೈಪುಗಳ ಪಾಲು ಎಷ್ಟು? ಲಕ್ಷಾಂತರ ರೂಪಾಯಿಯ ವಾಹನ ಕಟ್ಟಿ ಕೀಲಿನಲ್ಲಿ ಉಳಿತಾಯ ಹುಡುಕುವುದು ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಹನಿಹನಿಯಾಗಿ ಸೋರಿದ ನೀರು ನೆಲದ ಪ್ಲೈವುಡ್ಡನ್ನು ಕೊಳೆಸಿದ ಮೇಲೆ, ಅದನ್ನು ಬದಲಿಸಲು ಮೇಲಿನ ಪೀಠೋಪಕರಣವನ್ನೆಲ್ಲ ಕಳಚಬೇಕಾಗುತ್ತದೆ. ಆಗ ಬರುವ ಬಿಲ್ಲಿನ ಮುಂದೆ ಇಡೀ ಪೈಪಿನ ವೆಚ್ಚವೂ ಕ್ಷುಲ್ಲಕವಾಗಿ ಕಾಣುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪೆಕ್ಸ್ ಪೈಪು ಕೆಟ್ಟರೆ ಸಕಲೇಶಪುರದಲ್ಲೋ ಕಾರವಾರದಲ್ಲೋ ದುರಸ್ತಿ ಮಾಡುವವರು ಯಾರು? ಸಿಪಿವಿಸಿಯಾದರೆ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರಿಹಾರವೂ ಕಷ್ಟದ್ದಲ್ಲ. ಪ್ರತಿ ವಾಹನದೊಡನೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಎರಡು ಮೀಟರು ಪೈಪು, ಒತ್ತಿ ಕೂಡಿಸುವ ನಾಲ್ಕಾರು ಫಿಟ್ಟಿಂಗುಗಳು, ಪೈಪನ್ನು ನೇರವಾಗಿ ಕತ್ತರಿಸುವ ಕತ್ತರಿ ಇವುಗಳನ್ನು ಕೊಟ್ಟರೆ ಚಾಲಕನೇ ದಾರಿಯಲ್ಲಿ ಕೆಲಸ ಸಾಗಿಸಬಲ್ಲನು. ಜೊತೆಗೆ ಪೈಪುಗಳು ಎಲ್ಲೆಲ್ಲಿ ಓಡಿವೆ ಎಂಬುದರ ಕನ್ನಡದ ನಕ್ಷೆಯೊಂದನ್ನು ಬಾಗಿಲಿನ ಒಳಬದಿಗೆ ಅಂಟಿಸಿದರೆ ಯಾವ ಊರಿನ ಕೆಲಸಗಾರನಿಗಾದರೂ ದಾರಿ ಗೊತ್ತಾಗುತ್ತದೆ. ಪೈಪು ವರ್ತಕರು ಇದರಲ್ಲಿ ಒಂದು ಹೊಸ ವ್ಯಾಪಾರವನ್ನೂ ಕಾಣಬಹುದು. ಬಿಡಿ ಫಿಟ್ಟಿಂಗುಗಳನ್ನು ಮಾರುವುದಕ್ಕಿಂತ ವಾಹನದ ಮಾದರಿಗೆ ತಕ್ಕಂತೆ ಅಳತೆಗೆ ಕತ್ತರಿಸಿ, ಪರೀಕ್ಷಿಸಿ, ಕಟ್ಟು ಮಾಡಿ ಕೊಟ್ಟ ಪೈಪಿನ ಜೋಡಣೆಗೆ ಲಾಭಾಂಶ ಹೆಚ್ಚು, ಗಿರಾಕಿಯ ನಂಬಿಕೆಯೂ ಹೆಚ್ಚು.

ಮಾಡಬೇಕಾದ ಕೆಲಸ

ಕೊಳ್ಳುವಾಗ ಪೈಪಿನ ಮೇಲಿನ ಅಚ್ಚನ್ನು ಓದುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ಸಿಪಿವಿಸಿಗೆ ಐಎಸ್ 15778, ನಡುವೆ ಅಲ್ಯುಮಿನಿಯಂ ಪದರವಿರುವ ಪಾಲಿಥೀನ್ ಪೈಪಿಗೆ ಐಎಸ್ 15450 ಎಂಬ ಭಾರತೀಯ ಮಾನಕಗಳಿವೆ. ಆಮದು ಪೆಕ್ಸ್‌ನ ಮೇಲೆ ಅಮೆರಿಕದ ಎಎಸ್‌ಟಿಎಂ ಎಫ್ 876 ಎಂಬ ಮಾನಕದ ಸಂಖ್ಯೆಯನ್ನು ನೋಡಬಹುದು. ಯಾವ ಅಚ್ಚೂ ಇಲ್ಲದ, ಕುಡಿಯುವ ನೀರಿಗೆ ಯೋಗ್ಯವೆಂಬ ಖಾತರಿ ಇಲ್ಲದ ಪೈಪನ್ನು ಅಗ್ಗಕ್ಕೆ ಸಿಕ್ಕಿತೆಂದು ತರುವುದು ಮುಂದಿನ ದೂರನ್ನು ಇಂದೇ ಕೊಂಡುತಂದಂತೆ.

ಹಲಗೆ ಮುಚ್ಚುವ ಮುನ್ನ ಪೈಪುಗಳಲ್ಲಿ ನೀರು ತುಂಬಿ, ಒತ್ತಡ ಏರಿಸಿ, ಪಂಪು ನಿಲ್ಲಿಸಿ, ಗಂಟೆಯ ಬಳಿಕ ಗೇಜಿನ ಮುಳ್ಳು ಇಳಿದಿದೆಯೇ ನೋಡಬೇಕು. ಇಷ್ಟನ್ನು ಅನೇಕರು ಮಾಡುತ್ತಾರೆ. ವಾಹನವನ್ನು ಒರಟು ರಸ್ತೆಯಲ್ಲಿ ನೂರು ಕಿಲೋಮೀಟರು ಓಡಿಸಿ ತಂದು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಮುಖ್ಯ. ನಿಂತಾಗ ಸೋರದ ಕೀಲು ಓಡಿದ ಮೇಲೆ ಸೋರಬಹುದು, ಮತ್ತು ನಾವು ಮಾರುತ್ತಿರುವುದು ಓಡುವ ಮನೆಯನ್ನು.

ಒಂದೊಂದು ಸಣ್ಣ ಘಟಕವೂ ತನ್ನಷ್ಟಕ್ಕೆ ಉಪಕರಣ ಕೊಂಡು, ಕೆಲಸಗಾರನನ್ನು ತರಬೇತುಗೊಳಿಸುವುದು ಕಷ್ಟಸಾಧ್ಯ. ಈ ದಿಶೆಯಲ್ಲಿ ನಮ್ಮ ಸಂಸ್ಥೆಯು ಪೈಪು ತಯಾರಕರು, ವರ್ತಕರು ಮತ್ತು ಬಾಡಿ ಕಟ್ಟುವವರನ್ನು ಒಂದೆಡೆ ಕೂಡಿಸಿ ಎರಡು ದಿನಗಳ ಪ್ರಾಯೋಗಿಕ ಶಿಬಿರವೊಂದನ್ನು ನಡೆಸುವುದು, ಕ್ರಿಂಪಿಂಗ್ ಉಪಕರಣ ಮತ್ತು ಒತ್ತಡ ಪರೀಕ್ಷೆಯ ಸಾಧನಗಳನ್ನು ಸದಸ್ಯರಿಗೆ ಬಾಡಿಗೆಯ ಮೇಲೆ ಒದಗಿಸುವುದು ಉಪಯುಕ್ತವಾದೀತು. ಇದಕ್ಕೆ ತಗಲುವ ವೆಚ್ಚ ಅಲ್ಪ.

ಹೊಸ ಉದ್ಯಮವೊಂದಕ್ಕೆ ಮೊದಲ ಕೆಲವು ವರ್ಷಗಳಲ್ಲಿ ಅಂಟಿಕೊಂಡ ಹೆಸರು ಬಹುಕಾಲ ಉಳಿಯುತ್ತದೆ. ಇಲ್ಲಿ ಕಟ್ಟಿದ ಕ್ಯಾರವಾನು ಸೋರುತ್ತದೆ ಎಂಬ ಮಾತು ಒಮ್ಮೆ ಹಬ್ಬಿದರೆ ಅದನ್ನು ಅಳಿಸಲು ಯಾವ ಜಾಹೀರಾತೂ ಸಾಲದು, ಚೆನ್ನಾಗಿ ಕೆಲಸ ಮಾಡಿದವರೂ ಆ ಅಪಕೀರ್ತಿಯಲ್ಲಿ ಪಾಲುದಾರರಾಗಬೇಕಾಗುತ್ತದೆ. ಹೊರಗಿನ ಬಣ್ಣಕ್ಕೆ ಕೊಡುವ ಗಮನದ ಒಂದು ಪಾಲನ್ನು ಒಳಗಿನ ಕೀಲಿಗೂ ಕೊಡುವುದು ನಮ್ಮ ಉದ್ಯಮಿಗಳ ಕೈಯಲ್ಲೇ ಇದೆ.